ಮೂವತ್ತೇಳನೇ ನಂಬರು

ಮಂಡ್ಯದ ಕಡೆಯಿಂದ ಉತ್ತರ ಕರ್ನಾಟಕದ ಯೂನಿವರ್ಸಿಟಿಗೆ ಬಂದ ಚೆಲುವೇಶನಿಗೆ ಒಂದೇ ತಿಂಗಳಲ್ಲಿ ಖಡಕ್ ರೊಟ್ಟಿ ಒಗ್ಗಿತು, ಬಿಸಿಲೂ ಒಗ್ಗಿತು; ಬೆಳಗಿನ ಎಂಟರ ಕ್ಲಾಸು ಮಾತ್ರ ಒಗ್ಗಲಿಲ್ಲ. ನೂರೈವತ್ತು ಜನರ ಆ ಕ್ಲಾಸಿನಲ್ಲಿ ಅವನ ಹಾಜರಿಯನ್ನು ಅಲ್ಲಿಯವನೇ ಆದ ರೂಮ್‌ಮೇಟ್ ಗುರುಪಾದ ದಿನವೂ ಕೂಗಿಬಿಡುತ್ತಿದ್ದ.

ಒಂದು ದಿನ ಅವ್ವ ಫೋನಿನಲ್ಲಿ, "ಕ್ಲಾಸ್ಗೆ ದಿನಾ ಓಯ್ತಿದ್ದೀಯೇನ್ಲಾ ಮಗಾ?" ಎಂದು ಕೇಳಿದಳು. ಮರುದಿನ ಚೆಲುವೇಶ ಮಿಂದು, ತಲೆ ಬಾಚಿ, ಮೊದಲ ಬೆಂಚಿನಲ್ಲೇ ಕೂತ.

ಮೇಷ್ಟ್ರು ಹಾಜರಿ ಪುಸ್ತಕದಿಂದ ತಲೆ ಎತ್ತದೆ ಕೂಗಿದರು, "ಮೂವತ್ತೇಳು?"

"ಇವ್ನಿ ಸಾ!"

ಮೇಷ್ಟ್ರ ಪೆನ್ನು ನಿಂತಿತು. "ಯಾರಲೇ ನೀ? ಮೂವತ್ತೇಳು ನಮ್ಮ ಕಡೀ ಹುಡುಗ. ದಿನಾ 'ಅದೀನ್ರೀ ಸರ' ಅಂತಾನ. ಅವನ ಹಾಜರಿ ಕೂಗಾಕ ಬಂದೀಯೇನ?"

"ಅದು ನಾನೇ ಸಾ!"

"ಮ್ಯಾಲ ಸುಳ್ಳ ಬ್ಯಾರೆ! ನಡೀ ಹೊರಗ!"

ಚೆಲುವೇಶ ತಲೆ ತಗ್ಗಿಸಿ ಬಾಗಿಲು ದಾಟಿದ. ಒಳಗೆ ಮೇಷ್ಟ್ರು ಮತ್ತೊಮ್ಮೆ ಕೂಗಿದರು, "ಮೂವತ್ತೇಳು?"

"ಅದೀನ್ರೀ ಸರ!" ಹಿಂದಿನ ಬೆಂಚಿನಿಂದ ಗುರುಪಾದನ ದನಿ ಕೇಳಿತು.

"ಶಾಣ್ಯಾ! ನೋಡ್ರಿ, ಒಂದ ದಿನಾನೂ ತಪ್ಪಿಸಿಲ್ಲ ಈ ಹುಡುಗ."