ಊರಿನ ಹೆಸರಿಲ್ಲದ ಸಂದೇಶ

ಮೂರನೇ ಸಲ ಬಿಲ್ಡ್ ಮಾಡಿದಾಗ ಜಾವಾ ಪ್ರೋಗ್ರಾಂ ತಪ್ಪಿಲ್ಲದೆ ಓಡತೊಡಗಿತು. ಅರಂತೋಡಿನ ಮೊಬೈಲ್ ಅಂಗಡಿಯಲ್ಲಿ, ಅರ್ಧ ಎತ್ತಿದ ಶಟರಿನ ಒಳಗೆ, ದೀಪಶ್ರೀಯೂ ಜಾಸಿರನೂ ಪರದೆಯನ್ನೇ ನೋಡುತ್ತ ಕೂತರು. ಹೊರಗೆ ಬೆಳಗಿನ ಮಂಜು ರಸ್ತೆಯನ್ನು ಇನ್ನೂ ಬಿಟ್ಟುಕೊಟ್ಟಿರಲಿಲ್ಲ.

ದೀಪಶ್ರೀ ಸುಳ್ಯದ ಕಾಲೇಜಿನಲ್ಲಿ ಕಂಪ್ಯೂಟರ್ ಪಾಠ ಮಾಡುವವಳು. ಅಂಗಡಿಯ ಜಾಸಿರ್ ಅವಳ ಹಳೆಯ ವಿದ್ಯಾರ್ಥಿ. ಇಬ್ಬರೂ ಸೇರಿ ಬರೆದ ಪ್ರೋಗ್ರಾಮಿನ ಕೆಲಸ ಸಣ್ಣದು. ಕಾಡಾನೆ ಕಂಡವರು ಒಂದು ನಂಬರಿಗೆ ಸಂದೇಶ ಕಳಿಸಬೇಕು. ಅದರಲ್ಲಿ ಊರಿನ ಹೆಸರಿದ್ದರೆ ಆ ಊರಿನವರ ಫೋನುಗಳಿಗೆಲ್ಲ ತಾನಾಗಿ ಹೋಗುತ್ತದೆ. ಹೆಸರಿಲ್ಲದ್ದು ‘ಉಳಿದವು’ ಎಂಬ ಫೋಲ್ಡರಿಗೆ ಬೀಳುತ್ತದೆ.

ಮೊದಲ ಸಂದೇಶ ಬಿದ್ದದ್ದೇ ಅಲ್ಲಿಗೆ. “ಬಂದಿದೆ. ಮರಿಯೂ ಉಂಟು. ನೀರು ಕುಡಿಯುತ್ತಾ ಉಂಟು. ಎಂಥ ಚಂದ.”

“ಇದು ಸಂಪಾಜೆಯ ಬೀಫಾತುಮ್ಮನ ನಂಬರ್, ಟೀಚರ್,” ಎಂದ ಜಾಸಿರ್. “ಮೈಕ್ ಒತ್ತಿ ಮಾತಾಡಿದರೆ ಅಕ್ಷರ ಆಗುದು ಅಂತ ನಾನೇ ಹೇಳಿಕೊಟ್ಟದ್ದು. ಅವರ ಮನೆ ಹಿಂದೆಯೇ ಹೊಳೆ.”

ದೀಪಶ್ರೀ ಕೂಡಲೇ ಫೋನು ಮಾಡಿ ಸ್ಪೀಕರ್ ಹಾಕಿದಳು. “ಊರಿನ ಹೆಸರು ಯಾಕೆ ಹೇಳ್ಲಿಲ್ಲ ಬೀಫಾತುಮ್ಮ? ಮರೆತು ಹೋಯ್ತಾ?”

“ಮರೆತದ್ದಲ್ಲ ಮಗಳೇ,” ಮುದಿ ದನಿ ಪಿಸುಗುಟ್ಟಿತು. “ಹೇಳಿದ್ರೆ ಎಲ್ಲ ಬಂದು ಪಟಾಕಿ ಹೊಡೀತಾರೆ. ಮರಿ ತುಂಬ ಸಣ್ಣದು. ಅಡುಗೆಮನೆ ಕಿಟಕಿಯಿಂದ ನೋಡ್ತಾ ಇದ್ದೇನೆ. ಮಂಜಿನಲ್ಲಿ ಕಾಲೇ ಕಾಣುದಿಲ್ಲ, ತೇಲುವ ಹಾಗೆ ಉಂಟು.”

“ಮತ್ತೆ ನಮಗೆ ಯಾಕೆ ಕಳಿಸಿದ್ದು?”

“ಯಾರಿಗೂ ಹೇಳದೆ ಹೇಗೆ ಇರುದು?”

ಜಾಸಿರ್ ಗಡಿಯಾರ ನೋಡಿದ. “ಟೀಚರ್, ಅಲ್ಲಿಯ ಜತ್ತಪ್ಪಣ್ಣ ರಬ್ಬರ್ ತೋಟಕ್ಕೆ ಟ್ಯಾಪಿಂಗಿಗೆ ಹೋಗುದು ಅದೇ ಹೊಳೆಬದಿ ದಾರಿಯಲ್ಲಿ. ಹೊರಡುವ ಹೊತ್ತಾಯ್ತು. ಜೊತೆಗೆ ಇನ್ನೂ ನಾಲ್ಕು ಜನ. ಬೇರೆ ಯಾರೆಲ್ಲ ಇಳೀತಾರೋ ಗೊತ್ತಿಲ್ಲ.”

ದೀಪಶ್ರೀಯ ಬೆರಳು ಕೀಲಿಮಣೆಯ ಮೇಲೆ ನಿಂತಿತು. ಕಳಿಸಿದರೆ ಪಟಾಕಿ, ಹೆದರಿದ ತಾಯಾನೆ ಯಾರ ಮೇಲೆ ನುಗ್ಗುತ್ತದೋ. ಕಳಿಸದಿದ್ದರೆ ಮಂಜಿನಲ್ಲಿ ನಡೆದುಬರುವ ಜತ್ತಪ್ಪ. ಸಂದೇಶ ಎಲ್ಲಿಗೆ ಹೋಗಬೇಕೆಂದು ಎರಡು ತಿಂಗಳು ಯೋಚಿಸಿದ್ದಳು. ತಲುಪಿದ ಮೇಲೆ ಏನಾಗುತ್ತದೆಂದು ಯೋಚಿಸಿರಲಿಲ್ಲ.

“ಬೀಫಾತುಮ್ಮ, ನಿಮ್ಮ ಮಾತಿಗೆ ಊರಿನ ಹೆಸರು ಸೇರಿಸ್ತೇನೆ. ಇನ್ನೆರಡು ಮಾತು ನಂದೂ ಇರ್ತದೆ. ಆಗಬಹುದಾ?”

“ಜತ್ತಪ್ಪನಿಗೆ ಎಂತದೂ ಆಗಬಾರದು. ಹಾಕು.”

ದೀಪಶ್ರೀ ಬರೆದಳು: “ಸಂಪಾಜೆ ಹೊಳೆಬದಿಯಲ್ಲಿ ಆನೆ ಉಂಟು. ಜೊತೆಗೆ ಸಣ್ಣ ಮರಿ. ನೀರು ಕುಡಿದು ಹೋಗುವವರೆಗೆ ಆ ದಾರಿಗೆ ಯಾರೂ ಇಳಿಯಬೇಡಿ. ಪಟಾಕಿ ಬೇಡ.” ಪರದೆಯ ಮೇಲೆ ಒಂದು ಸಾಲು ಮೂಡಿತು. ನಲವತ್ತೆರಡು ಫೋನುಗಳಿಗೆ ಹೋಗಿತ್ತು.

ಇಬ್ಬರೂ ಫೋನಿನ ಸ್ಪೀಕರಿಗೆ ಕಿವಿಕೊಟ್ಟು ಕೂತರು. ಪಟಾಕಿಯ ಸದ್ದಿಲ್ಲ. ಐದು ನಿಮಿಷದ ಮೇಲೆ ಜತ್ತಪ್ಪನ ಉತ್ತರ ಬಂತು: “ರಸ್ತೆ ಬದಿಯ ಮೋರಿ ಕಟ್ಟೆ ಮೇಲೆ ಕೂತಿದ್ದೇವೆ. ಬೀಡಿ ಸಹ ಹಚ್ಚಲಿಲ್ಲ.”

ಬೀಫಾತುಮ್ಮನ ಫೋನು ಇನ್ನೂ ಚಾಲೂ ಇತ್ತು.

“ಹೊರಟಿತು,” ಎಂದಳು ಅವಳು, ಮೆಲ್ಲಗೆ.

ಆಮೇಲೆ ನೀರು ಸೀಳುವ ಸದ್ದು ಕೇಳಿತು. ಒಂದು ದೊಡ್ಡದು. ಅದರ ಬೆನ್ನಿಗೇ, ಓಡೋಡಿ ಬರುವ ಹಾಗೆ, ಒಂದು ಸಣ್ಣದು.