ಮಾತಿಗೆ ಬಿಟ್ಟ ಜಾಗ

ಹಿನ್ನೆಲೆ ಸಂಗೀತಕ್ಕೆ ತೀರ್ಪು ಕೊಡುವವರು ಮೊದಲು ಆ ಸಿನಿಮಾವನ್ನು ಮರೆಯಬೇಕು ಎಂಬುದು ಸ್ಪರ್ಧೆಯ ನಿಯಮ. ಇಂದುಮತಿ ಎಂದಿನಂತೆ ಚಪ್ಪಲಿ ಬಿಟ್ಟು ಕುರ್ಚಿಗೆ ತಲೆ ಆನಿಸಿದಳು.

"ಇವತ್ತಿಂದು ನಿಮ್ಮ ಯಜಮಾನರ ಸಂಗೀತ ಮೇಡಂ. ಬೇರೆಯವರಿಗೆ ಕೊಡ್ಲಾ?" ಎಂದಳು ಯಂತ್ರ ನೋಡಿಕೊಳ್ಳುವ ಶಕೀಲಾ.

"ಬೇಡ, ನೆನಪು ತೆಗಿ. ಮರೆತ ಮೇಲೆ ಯಾರದಾದ್ರೇನು?"

ಶಕೀಲಾ ಆ ಸಿನಿಮಾವನ್ನು, ಸಂಗೀತ ಕೊಟ್ಟವರ ಹೆಸರಿನ ಸಮೇತ, ಅವಳ ನೆನಪಿನಿಂದ ಗಾಜಿನ ಬಾಟಲಿಗೆ ಇಳಿಸಿ ಬಿರಡೆ ಹಾಕಿದಳು.

ಇಂದುಮತಿ ಕಣ್ಣು ಮುಚ್ಚಿ ಕೇಳಿದಳು. ಕೊಳಲು ಚೆನ್ನಾಗಿತ್ತು. ಪಿಟೀಲುಗಳು ಅದರ ಬೆನ್ನಿಗೇ ಏರಿದವು. ಇನ್ನೇನು ತುದಿ ಮುಟ್ಟಬೇಕು ಎನ್ನುವಾಗ ಎಲ್ಲವೂ ನಿಂತು, ತಂಬೂರಿಯ ಶ್ರುತಿಯೊಂದೇ ಉಳಿಯಿತು.

"ಇದು ತನ್ನ ಕಾಲ ಮೇಲೆ ನಿಲ್ಲಲ್ಲ. ನಡುವೆ ಕುಸಿಯುತ್ತೆ," ಎಂದು ತಿರಸ್ಕರಿಸಿ ಸಹಿ ಹಾಕಿದಳು.

ಬಾಟಲಿಯಲ್ಲಿದ್ದದ್ದು ತಲೆಗೆ ಮರಳಿತು. ಇಂದುಮತಿ ಸೆರಗನ್ನು ಬಾಯಿಗೆ ಒತ್ತಿಕೊಂಡಳು.

"ಬದಲಾಯಿಸೋಕೆ ಇನ್ನೂ ಅವಕಾಶ ಇದೆ ಮೇಡಂ."

"ಬೇಡ. ಕೇಳಿದ್ದು ಕೇಳಿದ ಹಾಗೇ ಇರಲಿ," ಎಂದವಳೇ ಅಲ್ಲಿಂದಲೇ ಗಂಡನಿಗೆ ಫೋನ್ ಮಾಡಿದಳು. "ರೀ, ನಿಮ್ಮದನ್ನ ಇವತ್ತು ಕೇಳಿದೆ. ನಾನೇ ಬೇಡ ಅಂದೆ."

ಆ ಕಡೆ ಕುಕ್ಕರ್ ಕೂಗಿ ಸುಮ್ಮನಾಯಿತು. "ಎಲ್ಲಿ ಬಿತ್ತು?" ಎಂದ ಶ್ರೀಕಂಠ.

"ತಂಬೂರಿ ಒಂದೇ ಉಳಿಯೋ ಕಡೆ."

"ಸಿನಿಮಾದಲ್ಲಿ ಅಲ್ಲೇ ಮಗಳು ಅಮ್ಮನ ಹತ್ರ ಮೊದಲ ಸಲ ಬಾಯಿಬಿಟ್ಟು ಮಾತಾಡ್ತಾಳೆ ಕಣೇ. ಅದು ಕೇಳಿಸಲಿ ಅಂತಲೇ ನಾನು ಸುಮ್ಮನಾಗಿದ್ದು," ಎಂದು ಅವನು ನಕ್ಕ. "ಅವಳ ಮಾತಿಲ್ಲದೇನೂ ಅದು ತನ್ನ ಕಾಲ ಮೇಲೆ ನಿಂತಿದ್ರೆ ನನಗೆ ಬೇಜಾರಾಗ್ತಿತ್ತು."