ಮೊಳೆಗೆ ಕಟ್ಟಿದ ದಾರ

ವಿಮಾನಗಳು ಹಾರುವುದು ನಿಂತ ಮೇಲೆ ಕಾರ್ಡು ಕಂಪನಿಯವರು, ಖರೀದಿಗೆ ಕೊಡುವ ಹಾರಾಟದ ಪಾಯಿಂಟುಗಳನ್ನು ನೇರವಾಗಿ ಗಿರಾಕಿಯ ಮೈಗೇ ಹಾಕುತ್ತಿದ್ದರು. ಕಸ್ತೂರಿ ಇದಕ್ಕೆ ಹೊಸಬಳು. ಹಾಲು, ಸಾಬೂನು, ಕರೆಂಟು ಬಿಲ್ಲು ಎಲ್ಲಕ್ಕೂ ಕಾರ್ಡು ಉಜ್ಜಿ ಉಜ್ಜಿ ಹಗುರಾಗಿದ್ದಳು. ಇವತ್ತು ತೊಗರಿಬೇಳೆ ಕೊಂಡದ್ದೇ ತಡ, ಅಂಗಡಿಯ ಮುಂದೆ ಕಾಲು ನೆಲ ಬಿಟ್ಟಿತು.

"ಬೆಳಗಾವಿತನಕಾ ಹೋಗಿ ಬರಬಹುದು ನೋಡ್ರಿ," ಎಂದ ಅಂಗಡಿಯ ಚೌಗಲಾ, ಅವಳ ಸೊಂಟಕ್ಕೆ ದಾರ ಬಿಗಿಯುತ್ತ. "ಆಗಾಗ ಇದನ್ನ ಜಗ್ಗಿ, ಕೆಳಗ ನಾವದೀವಿ ಅನ್ನೋರು ಯಾರದಾರ ಮನ್ಯಾಗ?"

ಕಸ್ತೂರಿ ಚೀಲದಲ್ಲಿದ್ದ ಒಂದು ಹಿಡಿ ಬೇಳೆಯನ್ನು ನೋಡಿದಳು. "ಯಾರೂ ಇಲ್ರಿ."

ಚೌಗಲಾ ದಾರದ ತುದಿಯನ್ನು ಸೂರಿನ ಮೊಳೆಯೊಂದಕ್ಕೆ ಕಟ್ಟಿದ. ಪಕ್ಕದ ಮೊಳೆಗಳಿಂದಲೂ ದಾರಗಳು ಹೊರಟು ಮೋಡದೊಳಗೆ ಹೋಗಿದ್ದವು.

"ಇವನ್ನ ಯಾರರ ಜಗ್ಗತಾರೇನ್ರಿ?"

"ಜಗ್ಗೋರಿದ್ರ ನನ್ನ ಮೊಳೀಗೆ ಯಾಕ ಕಟ್ಟತಿದ್ರವಾ?" ಎಂದು ಅವನು ಮುಂದಿನ ಗಿರಾಕಿಗೆ ಸಕ್ಕರೆ ತೂಗತೊಡಗಿದ.

ಮೇಲೇರುವ ಮುನ್ನ ಕಸ್ತೂರಿ ಕೈಚಾಚಿ ಪಕ್ಕದ ದಾರವನ್ನು ಮೆಲ್ಲಗೆ ಜಗ್ಗಿದಳು. ಸ್ವಲ್ಪ ಹೊತ್ತು ಏನೂ ಆಗಲಿಲ್ಲ. ಆಮೇಲೆ ಮೋಡದೊಳಗಿಂದ ಯಾರೋ ಗಡಿಬಿಡಿಯಿಂದ ಮರಳಿ ಜಗ್ಗಿದರು. ನಿಲ್ಲಿಸದೆ ಜಗ್ಗುತ್ತಲೇ ಇದ್ದರು.